ಚಿತ್ರವನ್ನೂ ಧ್ವನಿಯನ್ನೂ ಉಳಿಸುವ ಬಗೆ

ನಮ್ಮ ಪೂರ್ವಿಕರು ಬಹುಕಾಲ ಉಳಿಯಬೇಕೆಂದು ಬಯಸಿದ ಮಾತನ್ನು ಕಲ್ಲಿನಲ್ಲಿ ಕೊರೆಯಿಸಿದರು. ಹಲ್ಮಿಡಿಯ ಶಾಸನವು ಸುಮಾರು ಹದಿನೈದು ಶತಮಾನಗಳ ಮಳೆ ಬಿಸಿಲುಗಳನ್ನು ಕಂಡ ಮೇಲೆಯೂ ಓದಲು ಬರುತ್ತಿದೆ. ಓಲೆಯ ಗರಿಯು ಕಲ್ಲಿನಷ್ಟು ಗಟ್ಟಿಯಾದುದಲ್ಲ. ಆದರೂ ಗೆದ್ದಲು ತಿನ್ನುವ ಮುನ್ನ ಲಿಪಿಕಾರನೊಬ್ಬನು ಕುಳಿತು ಪ್ರತಿ ಮಾಡಿದುದರಿಂದ ಪಂಪ ರನ್ನರ ಕಾವ್ಯಗಳು ನಮ್ಮ ಕೈಸೇರಿದುವು. ಕಲ್ಲು ತನ್ನ ಬಲದಿಂದ ಉಳಿಯಿತು. ಓಲೆ ಮನುಷ್ಯನ ಶ್ರಮದಿಂದ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮನುಷ್ಯನಿಗೆ ಮೂರನೆಯ ಬಗೆಯ ಬರೆಹವೊಂದು ದೊರೆಯಿತು. ೧೮೭೭ರಲ್ಲಿ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿ, ಆಡಿದ ಮಾತನ್ನು ಮತ್ತೆ ಕೇಳಿಸಿದನು. ೧೮೯೫ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಚಲಿಸುವ ಚಿತ್ರಗಳನ್ನು ತೆರೆಯ ಮೇಲೆ ತೋರಿಸಿದರು. ಏಳು ತಿಂಗಳೊಳಗಾಗಿ, ಅಂದರೆ ೧೮೯೬ರ ಜುಲೈ ೭ರಂದು, ಅವರ ಚಿತ್ರಗಳು ನಮ್ಮ ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದುವು. ಸತ್ತವರ ನಗೆಯನ್ನೂ ನಡೆಯನ್ನೂ ದನಿಯನ್ನೂ ಮುಂದಿನ ತಲೆಮಾರಿಗೆ ದಾಟಿಸಬಲ್ಲ ವಿದ್ಯೆ ಇದು. ಹೀಗಿದ್ದರೂ, ಎಲ್ಲ ಬಗೆಯ ಬರೆಹಗಳಲ್ಲಿ ಹೊಸದಾದ ಇದೇ ಅತ್ಯಂತ ಅಲ್ಪಾಯುಷಿಯೆಂಬುದು ಸೋಜಿಗದ ಸಂಗತಿ. ಅದಕ್ಕೆ ಕಾರಣಗಳೇನು, ಅದನ್ನು ಉಳಿಸಲು ಈಗ ನಡೆದಿರುವ ಪ್ರಯತ್ನಗಳೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ನಷ್ಟದ ಪ್ರಮಾಣವನ್ನು ಮೊದಲು ತಿಳಿಯಬೇಕು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'. ವೈ. ವಿ. ರಾಯರು ನಿರ್ದೇಶಿಸಿದ, ಸುಬ್ಬಯ್ಯ ನಾಯುಡು ಮತ್ತು ತ್ರಿಪುರಾಂಬ ಇವರು ನಟಿಸಿದ ಆ ಚಿತ್ರವನ್ನು ಕೊಲ್ಲಾಪುರದಲ್ಲಿ ತೆಗೆದು, ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಇಂದು ಅದರ ಪ್ರತಿಯೊಂದೂ ಉಳಿದಿಲ್ಲ. ಕನ್ನಡವು ಬೆಳ್ಳಿತೆರೆಯ ಮೇಲೆ ಮೊದಲು ನುಡಿದ ಮಾತು ಹೇಗಿದ್ದಿತೆಂಬುದನ್ನು ನಾವು ಕೇಳುವಂತಿಲ್ಲ. ಈ ದುರ್ವಿಧಿ ಕನ್ನಡಕ್ಕೆ ಮಾತ್ರ ಒದಗಿದುದಲ್ಲ. ಭಾರತದ ಮೊದಲ ವಾಕ್ಚಿತ್ರವಾದ 'ಆಲಂ ಆರಾ' ೧೯೩೧ರಲ್ಲಿ ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡಿತು; ಅದೂ ಕಳೆದುಹೋಗಿದೆ. ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ತಯಾರಾದ ಮೂಕಚಿತ್ರಗಳ ಸಂಖ್ಯೆ ೧,೩೦೦ನ್ನು ಮೀರುತ್ತದೆ. ಉಳಿದುವು ಸುಮಾರು ಮೂವತ್ತು. ಅವುಗಳಲ್ಲಿಯೂ ಹಲವು ತುಣುಕುಗಳು ಮಾತ್ರ.

ಈ ನಾಶಕ್ಕೆ ಮೊದಲ ಕಾರಣ ವಸ್ತುವಿನ ಗುಣವೇ. ಚಲಚ್ಚಿತ್ರದ ಆರಂಭದಿಂದ ೧೯೫೦ರ ಸುಮಾರಿನವರೆಗೆ ಬಳಕೆಯಲ್ಲಿದ್ದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡಿದುದು. ಇದು ಕೋವಿಮದ್ದಾಗಿ ಬಳಸುವ ಗನ್‌ಕಾಟನ್ನಿನ ಹತ್ತಿರದ ಬಂಧು. ಉರಿಯಲು ಬೇಕಾದ ಆಮ್ಲಜನಕ ಇದರೊಳಗೇ ಅಡಗಿರುವುದರಿಂದ, ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಬೆಂಕಿ ತಾಗದಿದ್ದರೂ ಇದು ಒಳಗೊಳಗೇ ಕೆಡುತ್ತದೆ: ಮೊದಲು ಚಿತ್ರ ಮಾಸುತ್ತದೆ, ಬಳಿಕ ಸುರುಳಿ ಜಿಗುಟಾಗಿ ಅಂಟಿಕೊಳ್ಳುತ್ತದೆ, ಕೊನೆಗೆ ಡಬ್ಬಿಯಲ್ಲಿ ಕಂದುಬಣ್ಣದ ಪುಡಿಯಷ್ಟೇ ಉಳಿಯುತ್ತದೆ. ೨೦೦೩ರ ಜನವರಿಯಲ್ಲಿ ಪುಣೆಯಲ್ಲಿ ನಮ್ಮ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದ ನೈಟ್ರೇಟ್ ಸುರುಳಿಗಳಿದ್ದ ಉಗ್ರಾಣಕ್ಕೆ ಬೆಂಕಿ ಬಿದ್ದು ಅಮೂಲ್ಯ ಸಂಪತ್ತು ಸುಟ್ಟುಹೋಯಿತು.

ನೈಟ್ರೇಟಿನ ಅಪಾಯವನ್ನು ಮನಗಂಡು ೧೯೪೮ರಲ್ಲಿ ಕೊಡಾಕ್ ಸಂಸ್ಥೆ ಟ್ರೈಅಸಿಟೇಟ್ ಎಂಬ ಹೊಸ ಫಿಲ್ಮನ್ನು ಹೊರತಂದಿತು. ಸುಲಭವಾಗಿ ಹೊತ್ತಿಕೊಳ್ಳದ ಕಾರಣ ಇದಕ್ಕೆ 'ಸುರಕ್ಷಿತ ಫಿಲ್ಮು' ಎಂಬ ಹೆಸರಾಯಿತು. ಆದರೆ ಹತ್ತು ವರ್ಷ ಕಳೆಯುವುದರೊಳಗೆ ಇದರ ದೋಷವೂ ಹೊರಬಿದ್ದಿತು. ಮೊದಲ ದೂರು ಹೋದುದು ಬೇರೆಲ್ಲಿಂದಲೂ ಅಲ್ಲ, ಭಾರತ ಸರಕಾರದಿಂದಲೇ. ನಮ್ಮ ಸೆಕೆಯಲ್ಲಿಯೂ ತೇವದಲ್ಲಿಯೂ ಇಟ್ಟಿದ್ದ ಸುರುಳಿಗಳು ಹುಳಿವಾಸನೆ ಬೀರುತ್ತ ಸುಕ್ಕುಗಟ್ಟಿದ್ದುವು. ಗಾಳಿಯ ತೇವವೂ ಶಾಖವೂ ಸೇರಿ ಫಿಲ್ಮಿನಿಂದ ಅಸಿಟಿಕ್ ಆಮ್ಲವನ್ನು ಬಿಡಿಸುತ್ತವೆ. ವಿನೆಗರಿನ ಹುಳಿಗೆ ಕಾರಣವಾದುದೂ ಇದೇ ಆಮ್ಲ. ಹುಟ್ಟಿದ ಆಮ್ಲವು ಮತ್ತಷ್ಟು ಫಿಲ್ಮನ್ನು ಕೆಡಿಸಿ ಮತ್ತಷ್ಟು ಆಮ್ಲವನ್ನು ಹುಟ್ಟಿಸುತ್ತದೆ. ಮೊಸರಿನ ಒಂದು ಹನಿ ಹಾಲನ್ನೆಲ್ಲ ಹೆಪ್ಪುಗಟ್ಟಿಸುವಂತೆ, ಒಂದು ಕೆಟ್ಟ ಸುರುಳಿಯಿಂದ ಹೊರಟ ಆವಿ ಪಕ್ಕದ ಸುರುಳಿಗಳನ್ನೂ ಕೆಡಿಸುತ್ತದೆ. 'ವಿನೆಗರ್ ರೋಗ'ವೆಂದು ಸಂಗ್ರಹಾಲಯದವರು ಕರೆಯುವುದು ಇದನ್ನೇ. ಬಣ್ಣದ ಫಿಲ್ಮಿಗೆ ಇನ್ನೊಂದು ವ್ಯಾಧಿಯಿದೆ. ಅದರ ಮೂರು ವರ್ಣಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ. ನೀಲಿಯೂ ಹಳದಿಯೂ ಮೊದಲು ಕರಗಿ, ಹಸುರು ತೋಟವೂ ನೀಲಿ ಆಕಾಶವೂ ಒಂದೇ ತೆರನಾದ ಕೆಂಪಿನಲ್ಲಿ ಮುಳುಗಿಹೋಗುತ್ತವೆ.

ಧ್ವನಿಯ ಕಡೆಗೆ ಹೊರಳೋಣ. ಹಳೆಯ ಗ್ರಾಮಫೋನು ತಟ್ಟೆ ಬಿದ್ದರೆ ಒಡೆಯುವುದೇನೋ ನಿಜ. ಆದರೆ ಜೋಪಾನವಾಗಿಟ್ಟರೆ ಬಹುಕಾಲ ಬಾಳುತ್ತದೆ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಮುದ್ರಿತವಾದ ಗೌಹರ್ ಜಾನ್ ಅವರ ಗಾಯನವನ್ನು ನಾವು ಇಂದಿಗೂ ಕೇಳಬಲ್ಲೆವು. ಅದಕ್ಕಿಂತ ಎಷ್ಟೋ ಈಚಿನದಾದ ಕಾಂತೀಯ ಟೇಪಿನ ಗತಿ ಹೀಗಿಲ್ಲ. ಟೇಪೆಂದರೆ ತೆಳುವಾದ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಬ್ಬಿಣದ ಆಕ್ಸೈಡಿನ ಪುಡಿ. ಅಂಟು ತೇವವನ್ನು ಹೀರಿಕೊಂಡರೆ ಟೇಪು ಜಿಗುಟಾಗಿ, ಯಂತ್ರದಲ್ಲಿ ಓಡುವಾಗ ಪುಡಿಯೊಂದಿಗೆ ಧ್ವನಿಯನ್ನೂ ಉದುರಿಸುತ್ತದೆ. ಇಂಥ ಟೇಪುಗಳನ್ನು ತಜ್ಞರು ಸುಮಾರು ೫೦ ಡಿಗ್ರಿ ಶಾಖದಲ್ಲಿ ಹಲವು ಗಂಟೆಗಳ ಕಾಲ ಹದವಾಗಿ ಕಾಯಿಸಿ, ತೇವ ಮರಳಿ ಸೇರುವುದರೊಳಗೆ ಪ್ರತಿ ಮಾಡಿಕೊಳ್ಳುತ್ತಾರೆ.

ಟೇಪು ಚೆನ್ನಾಗಿಯೇ ಉಳಿಯಿತೆಂದು ತಿಳಿಯೋಣ. ಅದನ್ನು ನುಡಿಸುವ ಯಂತ್ರವೆಲ್ಲಿ? ಕಲ್ಲಿನ ಶಾಸನವನ್ನು ಓದಲು ಕಣ್ಣೂ ಲಿಪಿಜ್ಞಾನವೂ ಇದ್ದರೆ ಸಾಕು. ಟೇಪನ್ನು ಓದಲು ಅದಕ್ಕೆ ತಕ್ಕ ಯಂತ್ರ ಬೇಕು, ಯಂತ್ರಕ್ಕೆ ಬಿಡಿಭಾಗಗಳು ಬೇಕು, ಅದನ್ನು ದುರಸ್ತಿ ಮಾಡಬಲ್ಲ ಕೈ ಬೇಕು. ೧೯೭೬ರಲ್ಲಿ ಬಂದು ಜಗತ್ತಿನ ಮನೆಮನೆಗಳನ್ನು ತುಂಬಿದ ವಿ.ಎಚ್.ಎಸ್. ವೀಡಿಯೋ ಯಂತ್ರದ ತಯಾರಿಕೆಯನ್ನು ಕೊನೆಯವರೆಗೆ ನಡೆಸಿದ್ದ ಜಪಾನಿನ ಫುನಾಯ್ ಸಂಸ್ಥೆಯು ೨೦೧೬ರಲ್ಲಿ ಅದನ್ನು ನಿಲ್ಲಿಸಿತು. ಯುನೆಸ್ಕೋ ಮತ್ತು ಅಂತಾರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘ ಇವು ಸೇರಿ ೨೦೧೯ರಲ್ಲಿ ಒಂದು ಎಚ್ಚರಿಕೆಯನ್ನು ಹೊರಡಿಸಿ, ಯಂತ್ರಗಳು ಕಣ್ಮರೆಯಾಗುತ್ತಿರುವುದರಿಂದ ಟೇಪುಗಳಲ್ಲಿರುವುದನ್ನು ೨೦೨೫ರ ಸುಮಾರಿನೊಳಗೆ ಬೇರೆಡೆಗೆ ಸಾಗಿಸದಿದ್ದರೆ ಬಹುಭಾಗ ಶಾಶ್ವತವಾಗಿ ಕೈತಪ್ಪುವುದೆಂದು ಸಾರಿದುವು. ಆ ಗಡುವು ಈಗ ಮುಗಿದಿದೆ.

ಮೂರನೆಯ ಶತ್ರು ಮನುಷ್ಯನೇ. ಹಳೆಯ ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ, ಓಡಿ ಮುಗಿದ ಚಿತ್ರಗಳ ಸುರುಳಿಗಳನ್ನು ಬೆಳ್ಳಿಗಾಗಿ ತೊಳೆದು ಹಾಳುಗೆಡವಿದುದುಂಟು. ಹೊಸ ಟೇಪು ದುಬಾರಿಯೆಂದು ಹಳೆಯದರ ಮೇಲೆಯೇ ಮತ್ತೆ ಮುದ್ರಿಸಿದುದೂ ಉಂಟು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ ತನ್ನ ಎಷ್ಟೋ ಕಾರ್ಯಕ್ರಮಗಳನ್ನು ಹೀಗೆ ಅಳಿಸಿಕೊಂಡಿತು. ೧೯೬೯ರಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟಾಗ ನೇರವಾಗಿ ಬಂದ ಚಿತ್ರಗಳಿದ್ದ ಮೂಲ ಟೇಪುಗಳನ್ನು ನಾಸಾ ಸಂಸ್ಥೆಯೇ ಅಳಿಸಿ ಮರುಬಳಕೆ ಮಾಡಿರಬೇಕೆಂದು ೨೦೦೯ರಲ್ಲಿ ತಿಳಿದುಬಂದಿತು. ಅಂದಿನ ದೂರದರ್ಶನ ಬಿತ್ತರದಿಂದ ಉಳಿದ ಪ್ರತಿಗಳಿಂದಲೇ ಆ ದೃಶ್ಯ ಇಂದು ನಮಗೆ ಕಾಣುತ್ತಿದೆ. ಮಹತ್ತಾದ ಘಟನೆಯಾದ ಮಾತ್ರಕ್ಕೆ ಅದರ ದಾಖಲೆ ತಾನಾಗಿ ಉಳಿಯುವುದಿಲ್ಲ.

ಇನ್ನು ಉಳಿಸುವ ಬಗೆ. ಮೊದಲನೆಯದು ತಂಪು. ೨೧ ಡಿಗ್ರಿ ಉಷ್ಣತೆ ಮತ್ತು ಶೇಕಡ ೫೦ರಷ್ಟು ಆರ್ದ್ರತೆಯಲ್ಲಿ ಇಟ್ಟ ಹೊಸ ಅಸಿಟೇಟ್ ಫಿಲ್ಮಿಗೆ ವಿನೆಗರ್ ರೋಗ ತಗಲಲು ಸುಮಾರು ೪೦ ವರ್ಷ ಬೇಕೆಂದು ಅಮೆರಿಕದ ಸಂಶೋಧಕರು ಲೆಕ್ಕಹಾಕಿದ್ದಾರೆ. ಉಷ್ಣತೆ ಇಳಿದಂತೆ ಈ ಅವಧಿ ಹಲವು ಪಟ್ಟು ಹೆಚ್ಚುತ್ತದೆ. ಮುಂಬಯಿ, ಮದರಾಸುಗಳ ಸೆಕೆಯಲ್ಲಿ ಬಹಳವಾಗಿ ಕುಗ್ಗುತ್ತದೆ. ಆದುದರಿಂದ ಸಂಗ್ರಹಾಲಯಗಳು ತಂಪಾದ, ಒಣಗಿದ ಕೋಣೆಗಳನ್ನು ಕಟ್ಟುತ್ತವೆ. ಡಬ್ಬಿಯೊಳಗೆ ಒಂದು ಬಗೆಯ ಬಣ್ಣದ ಕಾಗದದ ಚೂರನ್ನು ಇಡುತ್ತಾರೆ. ಫಿಲ್ಮಿನಿಂದ ಆಮ್ಲ ಹೊರಟರೆ ಆ ಕಾಗದದ ನೀಲಿ ಹಸುರಾಗಿ, ಹಸುರು ಹಳದಿಯಾಗಿ ತಿರುಗುತ್ತದೆ. ವೈದ್ಯನು ಜ್ವರಮಾಪಕವನ್ನು ನೋಡುವಂತೆ ಇದನ್ನು ನೋಡಿ, ಯಾವ ಸುರುಳಿಗೆ ಮೊದಲು ಚಿಕಿತ್ಸೆ ಬೇಕೆಂದು ನಿಶ್ಚಯಿಸುತ್ತಾರೆ.

ಎರಡನೆಯದು ಪ್ರತಿ ಮಾಡುವುದು. ಈಗ ಇದು ಡಿಜಿಟಲ್ ವಿಧಾನದಿಂದ ನಡೆಯುತ್ತದೆ. ಫಿಲ್ಮನ್ನು ಮೊದಲು ಕೈಯಿಂದ ಪರೀಕ್ಷಿಸಿ, ಹರಿದ ರಂಧ್ರಗಳನ್ನೂ ಬಿಟ್ಟ ಬೆಸುಗೆಗಳನ್ನೂ ಸರಿಪಡಿಸಿ, ತೊಳೆದು, ಬಳಿಕ ಒಂದೊಂದು ಚಿತ್ರವನ್ನೂ ಸ್ಕ್ಯಾನ್ ಮಾಡುತ್ತಾರೆ. ಸೆಕೆಂಡಿಗೆ ೨೪ರಂತೆ ಎರಡು ಗಂಟೆಯ ಸಿನಿಮಾದಲ್ಲಿ ೧,೭೨,೮೦೦ ಬಿಡಿಚಿತ್ರಗಳಿವೆ. ಇಂದಿನ ಉತ್ತಮ ಮಟ್ಟದ ಸ್ಕ್ಯಾನಿನಲ್ಲಿ ಒಂದು ಬಿಡಿಚಿತ್ರಕ್ಕೆ ಸುಮಾರು ೫೦ ಮೆಗಾಬೈಟ್ ಹಿಡಿದರೆ, ಇಡೀ ಸಿನಿಮಾಕ್ಕೆ ಎಂಟು ಟೆರಾಬೈಟುಗಳಿಗೂ ಹೆಚ್ಚು ಜಾಗ ಬೇಕಾಗುತ್ತದೆ. ಅನಂತರ ಗೀರು, ಕಲೆ, ನಡುಕಗಳನ್ನು ಒಂದೊಂದಾಗಿ ಹೋಗಲಾಡಿಸಬೇಕು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯ ಮೂಲ ನೆಗೆಟಿವ್ ೧೯೯೩ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರ ಬೆಂಕಿಗೆ ಸಿಕ್ಕಿ ಬೆಂದುಹೋಗಿತ್ತು. ಯಾರೂ ಎಸೆಯದೆ ಇಟ್ಟುಕೊಂಡಿದ್ದ ಆ ಕರಿಕಲು ಸುರುಳಿಗಳನ್ನು ಇಟಲಿಯ ಬೊಲೋನ್ಯದ ತಜ್ಞರು ಮೃದುಗೊಳಿಸಿ, ಬಿಡಿಸಿ, ಶೇಕಡ ೪೦ರಷ್ಟು ಭಾಗವನ್ನು ಬಳಸಲು ಬರುವಂತೆ ಮಾಡಿದರು. ಉಳಿದುದನ್ನು ಬೇರೆ ಪ್ರತಿಗಳಿಂದ ತುಂಬಿ, ೨೦೧೫ರಲ್ಲಿ ಚಿತ್ರವನ್ನು ಮತ್ತೆ ಪ್ರದರ್ಶಿಸಿದರು.

ಕನ್ನಡಕ್ಕೂ ಇಂಥ ಭಾಗ್ಯ ಒದಗಿದೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ನಿರ್ದೇಶಿಸಿದ 'ಘಟಶ್ರಾದ್ಧ' ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲವನ್ನು ಪಡೆದುದು. ಅದರ ನಿರ್ಮಾಪಕರಾದ ಸದಾನಂದ ಸುವರ್ಣರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದವರೆಂಬುದು ಇಲ್ಲಿನ ನಮಗೆಲ್ಲ ಹೆಮ್ಮೆಯ ವಿಷಯ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಅಮೆರಿಕದ ಫಿಲ್ಮ್ ಫೌಂಡೇಶನ್ನೂ ಸೇರಿ ಈ ಚಿತ್ರವನ್ನು ಪುನರುದ್ಧಾರ ಮಾಡಿಸಿ, ೨೦೨೪ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದುವು. ಅದಕ್ಕೆ ಕೆಲವೇ ವಾರಗಳ ಮುಂಚೆ, ಅದೇ ವರ್ಷದ ಜುಲೈ ತಿಂಗಳಲ್ಲಿ, ಸುವರ್ಣರು ತೀರಿಕೊಂಡರು. ನಿರ್ಮಾಪಕರು ಇಲ್ಲವಾದರೂ ಅವರು ಹಣವನ್ನೂ ಶ್ರದ್ಧೆಯನ್ನೂ ಸುರಿದ ಚಿತ್ರ ಹೊಸ ಬೆಳಕಿನಲ್ಲಿ ಜಗತ್ತಿನ ಮುಂದೆ ನಿಂತಿತು.

ಇಲ್ಲಿ ಒಂದು ವಿವೇಕದ ಮಾತುಂಟು. ಪುನರುದ್ಧಾರವೆಂದರೆ ಹೊಸದಾಗಿ ಅಲಂಕರಿಸುವುದಲ್ಲ. ಕಪ್ಪು ಬಿಳುಪಿನಲ್ಲಿ ತಯಾರಾದ 'ಸತ್ಯ ಹರಿಶ್ಚಂದ್ರ' ೨೦೦೮ರಲ್ಲಿಯೂ, 'ಕಸ್ತೂರಿ ನಿವಾಸ' ೨೦೧೪ರಲ್ಲಿಯೂ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದುವು. ಜನರು ಸಂತೋಷದಿಂದ ನೋಡಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಣ್ಣದ ಪ್ರತಿಯಿದೆಯೆಂದು ಕಪ್ಪು ಬಿಳುಪಿನ ಮೂಲವನ್ನು ಅಲಕ್ಷಿಸುವಂತಿಲ್ಲ. ಈಗಂತೂ ಕೃತಕ ಬುದ್ಧಿಮತ್ತೆಯ ಯಂತ್ರಗಳು ಮಸುಕಾದ ಮುಖಕ್ಕೆ ಇಲ್ಲದ ರೇಖೆಗಳನ್ನು ಊಹಿಸಿ ತುಂಬಬಲ್ಲವು. ನೋಡಲು ಅಂದವೇ, ಆದರೆ ಅದು ಯಂತ್ರದ ಊಹೆಯೇ ಹೊರತು ಕ್ಯಾಮರಾ ಕಂಡ ಸತ್ಯವಲ್ಲ. ಹಸ್ತಪ್ರತಿಯಲ್ಲಿ ಲುಪ್ತವಾದ ಪದ್ಯವನ್ನು ಸಂಪಾದಕನು ತಾನೇ ರಚಿಸಿ ಸೇರಿಸಿದರೆ ಪಂಡಿತರು ಒಪ್ಪುವರೆ? ಮಾಡಿದ ಬದಲಾವಣೆಗಳನ್ನೆಲ್ಲ ಬರೆದಿಡುವುದು, ಮೂಲವನ್ನು ಮುಟ್ಟದೆ ಕಾಪಾಡುವುದು, ಇವೇ ಈ ಕಾರ್ಯದ ಧರ್ಮ.

ಡಿಜಿಟಲ್ ಪ್ರತಿ ಮಾಡಿದ ಮೇಲೆ ಚಿಂತೆಯಿಲ್ಲವೆಂದು ಭಾವಿಸುವವರು ಬಹಳ ಮಂದಿ. ಇದು ಭ್ರಮೆ. ೧೯೯೮ರಲ್ಲಿ 'ಟಾಯ್ ಸ್ಟೋರಿ ೨' ಎಂಬ ಚಿತ್ರ ತಯಾರಾಗುತ್ತಿದ್ದಾಗ ಗಣಕಯಂತ್ರಕ್ಕೆ ಕೊಟ್ಟ ಒಂದು ಆಜ್ಞೆಯಿಂದ ಅದರ ಬಹುಭಾಗ ಅಳಿಸಿಹೋಯಿತು. ಕಾಪಿಟ್ಟ ಪ್ರತಿಯೂ ಕೆಟ್ಟಿತ್ತು. ಮನೆಯಿಂದ ಕೆಲಸ ಮಾಡುತ್ತಿದ್ದ ಉದ್ಯೋಗಿಯೊಬ್ಬರ ಬಳಿ ಇದ್ದ ಇನ್ನೊಂದು ಪ್ರತಿಯಿಂದ ಚಿತ್ರ ಬದುಕಿತು. ಮೈಸ್ಪೇಸ್ ಎಂಬ ಜಾಲತಾಣದಲ್ಲಿ ಹನ್ನೆರಡು ವರ್ಷಗಳ ಕಾಲ ಜನರು ಸೇರಿಸಿದ್ದ ಹಾಡುಗಳು, ಯಂತ್ರಗಳನ್ನು ಬದಲಿಸುವ ಕಾರ್ಯದಲ್ಲಿ ನಾಶವಾದುವೆಂದು ೨೦೧೯ರಲ್ಲಿ ಪ್ರಕಟವಾಯಿತು. ಹಾರ್ಡ್ ಡಿಸ್ಕಿನ ಆಯುಷ್ಯ ಕೆಲವೇ ವರ್ಷಗಳು. ದೊಡ್ಡ ಸಂಗ್ರಹಾಲಯಗಳು ಬಳಸುವ ಎಲ್.ಟಿ.ಒ. ಟೇಪು ಹೆಚ್ಚು ಬಾಳಿಕೆಯದಾದರೂ, ಹೊಸ ಪೀಳಿಗೆಯ ಯಂತ್ರವು ಹೆಚ್ಚೆಂದರೆ ಹಿಂದಿನ ಒಂದೆರಡು ಪೀಳಿಗೆಯ ಟೇಪುಗಳನ್ನು ಮಾತ್ರ ಓದುತ್ತದೆ. ಹೀಗಾಗಿ ಕೆಲವು ವರ್ಷಗಳಿಗೊಮ್ಮೆ ಭಂಡಾರವನ್ನೆಲ್ಲ ಹೊಸ ಟೇಪಿಗೆ ಸಾಗಿಸಲೇಬೇಕು. ಪ್ರತಿಯು ಸರಿಯಾಗಿದೆಯೆ ಎಂಬುದನ್ನು ತಿಳಿಯಲು ಒಂದು ಲೆಕ್ಕದ ಉಪಾಯವಿದೆ. ಅಂಗಡಿಯವನು ಪುಟದ ಕೆಳಗೆ ಮೊತ್ತವನ್ನು ಬರೆದು ಮತ್ತೆ ಕೂಡಿ ತಾಳೆನೋಡುವಂತೆ, ಕಡತದ ಅಂಕಿಗಳಿಂದೆಲ್ಲ ಒಂದು ಮೊತ್ತವನ್ನು ಕಟ್ಟಿ ಬರೆದಿಡುತ್ತಾರೆ. ಮುಂದೆ ಎಂದಾದರೂ ಆ ಮೊತ್ತ ತಾಳೆಯಾಗದಿದ್ದರೆ ಕಡತದಲ್ಲಿ ಎಲ್ಲಿಯೋ ಕೆಡುಕು ಸೇರಿದೆಯೆಂದು ಅರ್ಥ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಡಿಗಲ್ಲನ್ನಿಟ್ಟುದು ೧೯೬೪ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ. ಅದರ ಪಿ. ಕೆ. ನಾಯರ್ ಅವರು ಊರೂರು ಅಲೆದು ಸುರುಳಿಗಳನ್ನು ಕೂಡಿಸಿದರು. ನಾಸಿಕದಲ್ಲಿ ದಾದಾಸಾಹೇಬ ಫಾಲ್ಕೆಯವರ ಕುಟುಂಬದವರಿಂದ ಅವರ ಚಿತ್ರಗಳ ತುಣುಕುಗಳನ್ನು ಪಡೆದು ರಕ್ಷಿಸಿದರು. ಫಾಲ್ಕೆಯವರ ಕಲೆ ಇಂದು ನಮಗೆ ಕಣ್ಣಾರೆ ಕಾಣುತ್ತಿದ್ದರೆ ಅದಕ್ಕೆ ೨೦೧೬ರಲ್ಲಿ ಕಾಲವಾದ ಈ ಮಹನೀಯರ ಪರಿಶ್ರಮ ಕಾರಣ. ೨೦೨೨ರಲ್ಲಿ ಈ ಸಂಗ್ರಹಾಲಯವು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿತು. ಅದೇ ವರ್ಷ ರಾಷ್ಟ್ರೀಯ ಚಲಚ್ಚಿತ್ರ ಪರಂಪರಾ ಯೋಜನೆಯಡಿಯಲ್ಲಿ ೨,೨೦೦ ಚಿತ್ರಗಳ ಪುನರುದ್ಧಾರಕ್ಕೆಂದು ೩೬೩ ಕೋಟಿ ರೂಪಾಯಿಗಳನ್ನು ಸರಕಾರ ಘೋಷಿಸಿತು. ಯುನೆಸ್ಕೋ ಸಂಸ್ಥೆಯು ಪ್ರತಿವರ್ಷದ ಅಕ್ಟೋಬರ್ ೨೭ನ್ನು ದೃಶ್ಯ ಶ್ರಾವ್ಯ ಪರಂಪರೆಯ ದಿನವೆಂದು ಗೊತ್ತುಮಾಡಿದೆ. ಚಲಿಸುವ ಚಿತ್ರಗಳನ್ನು ರಕ್ಷಿಸಬೇಕೆಂದು ೧೯೮೦ರಲ್ಲಿ ಅದು ಜಗತ್ತಿಗೆ ಶಿಫಾರಸು ಮಾಡಿದ ದಿನ ಅದೇ.

ಆದರೆ ಸರಕಾರದ ಉಗ್ರಾಣಕ್ಕೆ ಎಂದೂ ಸೇರದ ಭಂಡಾರವೊಂದುಂಟು. ಅದು ನಮ್ಮ ಮನೆಗಳ ಅಟ್ಟಗಳಲ್ಲಿದೆ. ನಾಡಿನಿಂದ ದೂರ ಬಂದು ನೆಲಸಿದ ಕನ್ನಡಿಗರು ಸಂಘಗಳನ್ನು ಕಟ್ಟಿದರು, ನಾಟಕಗಳನ್ನು ಆಡಿದರು, ಯಕ್ಷಗಾನ ತಾಳಮದ್ದಳೆಗಳನ್ನು ನಡೆಸಿದರು. ಅಜ್ಜಿಯ ಸೋಬಾನೆಯೂ, ಶಾಲೆಯ ವಾರ್ಷಿಕೋತ್ಸವದ ಹಾಡೂ ಕ್ಯಾಸೆಟ್ಟುಗಳಲ್ಲಿ ಮುದ್ರಿತವಾದುವು. ಪರಭಾಷೆಯ ನಗರದಲ್ಲಿ ಕನ್ನಡ ಹೇಗೆ ಬಾಳಿತು, ಯಾವ ಊರಿನ ಕನ್ನಡ ಯಾವ ಓಣಿಯಲ್ಲಿ ಕೇಳಿಸುತ್ತಿತ್ತು ಎಂಬುದಕ್ಕೆ ಇವಲ್ಲದೆ ಬೇರೆ ಸಾಕ್ಷಿಯಿಲ್ಲ. ಪ್ರಸಿದ್ಧ ಚಿತ್ರದ ಪ್ರತಿ ಬೇರೆ ದೇಶದಲ್ಲಾದರೂ ದೊರೆತೀತು. ಇಂಥ ಕ್ಯಾಸೆಟ್ಟಿಗೆ ಎರಡನೆಯ ಪ್ರತಿಯೇ ಇರುವುದಿಲ್ಲ.

ವಿದ್ಯಾರ್ಥಿಗಳು ಇದನ್ನು ತಮ್ಮ ರಜೆಯ ಕೆಲಸವಾಗಿ ಮಾಡಬಹುದು. ಕ್ಯಾಸೆಟ್ಟುಗಳನ್ನು ಬಿಸಿಲು ಕಾಯುವ ಅಟ್ಟದಿಂದಲೂ ತೇವದ ಗೋಡೆಯಿಂದಲೂ ಈಚೆಗೆ ತೆಗೆದು, ಅಯಸ್ಕಾಂತವಿರುವ ಧ್ವನಿವರ್ಧಕಗಳಿಂದ ದೂರದಲ್ಲಿ, ಪುಸ್ತಕಗಳಂತೆ ನಿಲ್ಲಿಸಿ ಇಡಬೇಕು. ಅಂಚಿನಲ್ಲಿರುವ ಪುಟ್ಟ ಚೂರನ್ನು ಮುರಿದರೆ ಅದರ ಮೇಲೆ ಅಕಸ್ಮಾತ್ತಾಗಿ ಮುದ್ರಿಸುವ ಭಯ ತಪ್ಪುತ್ತದೆ. ಬೂಷ್ಟು ಹಿಡಿದುದನ್ನು ಯಂತ್ರಕ್ಕೆ ಹಾಕದೆ ತಿಳಿದವರಿಗೆ ಒಪ್ಪಿಸಬೇಕು. ಧ್ವನಿಯನ್ನು ಗಣಕಯಂತ್ರಕ್ಕೆ ಇಳಿಸುವಾಗ ಕುಗ್ಗಿಸದ ರೂಪದಲ್ಲಿ ಇಳಿಸಬೇಕು. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಾಡಿದವರು ಯಾರು, ಎಲ್ಲಿ, ಯಾವ ವರ್ಷ ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡಬೇಕು. ಹೆಸರಿಲ್ಲದ ಧ್ವನಿ ಬಹುಬೇಗ ಅನಾಥವಾಗುತ್ತದೆ. ಅದರ ಗುರುತು ಹೇಳಬಲ್ಲವರು ಇಂದು ಇದ್ದಾರೆ, ನಾಳೆ ಇರಲಾರರು.

ಲಿಪಿಕಾರನು ಓಲೆಯ ಕೊನೆಯಲ್ಲಿ, ಕಷ್ಟಪಟ್ಟು ಬರೆದ ಈ ಗ್ರಂಥವನ್ನು ಜೋಪಾನ ಮಾಡಿರೆಂದು ಓದುವವರನ್ನು ಬೇಡುವ ರೂಢಿಯಿತ್ತು. ಆ ಬೇಡಿಕೆ ಈಗ ನಮ್ಮ ಪಾಲಿಗೆ ಬಂದಿದೆ. ಚಿತ್ರವೂ ಧ್ವನಿಯೂ ಕಲ್ಲಿನ ಜಾತಿಯವಲ್ಲ, ಓಲೆಯ ಜಾತಿಯವು. ಒಂದು ತಲೆಮಾರು ಪ್ರತಿ ಮಾಡುವುದನ್ನು ನಿಲ್ಲಿಸಿದರೆ ಅಲ್ಲಿಗೇ ಮುಗಿಯಿತು. ನಮ್ಮ ಬಾಲಕ ಬಾಲಿಕೆಯರ ಕೈಗಳು ಈ ಲಿಪಿಕಾರರ ಕೆಲಸಕ್ಕೆ ಸಾಲದವೇನಲ್ಲ.